ಬೀರುವಿನ ತುಂಬ ಕಾಗದ, ಕೈಯಲ್ಲಿ ವಕೀಲರ ಪಟ್ಟಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಇಬ್ಬರು ಮಕ್ಕಳಿದ್ದಾರೆ. ವಿಚ್ಛೇದನ ಪಡೆಯುವುದೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ, ಆದರೆ ಸದ್ಯಕ್ಕೆ ಒಂದೇ ಮನೆಯಲ್ಲಿದ್ದೇವೆ. ಹಣಕಾಸಿನ ವ್ಯವಹಾರವನ್ನೆಲ್ಲ ಪತಿಯೇ ನೋಡಿಕೊಳ್ಳುತ್ತಿದ್ದರು. ವಕೀಲರು ಎರಡು ಪುಟದ ಪಟ್ಟಿ ಕೊಟ್ಟು ‘ಇವನ್ನೆಲ್ಲ ತನ್ನಿ’ ಎಂದಿದ್ದಾರೆ. ಬೀರು ತೆರೆದರೆ ಕೈಕಾಲು ಆಡುವುದಿಲ್ಲ. ವಿಮೆಯ ಪತ್ರ ಹುಡುಕಲು ಕುಳಿತವಳು ಹಳೆಯ ಪತ್ರಗಳನ್ನು ಓದುತ್ತ ರಾತ್ರಿ ಕಳೆದುಬಿಡುತ್ತೇನೆ. ಎಲ್ಲಿಂದ ಶುರು ಮಾಡಲಿ? ಅವರ ಹೆಸರಿನಲ್ಲಿರುವ ಕಾಗದಗಳನ್ನು ನಾನು ತೆಗೆದುಕೊಳ್ಳಬಹುದೇ? ಹಳೆಯ ಪತ್ರಗಳನ್ನೆಲ್ಲ ಸುಟ್ಟುಹಾಕಬೇಕು ಅನ್ನಿಸುತ್ತಿದೆ, ಸುಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಈ ರಾತ್ರಿಯೇ ನಡೆದುಹೋಗಬಹುದಾದ ಕೆಲಸ. ಸುಡಬೇಡಿ. ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಪತ್ರ, ಶುಭಾಶಯ ಪತ್ರ, ಫೋಟೊ ಎಲ್ಲವನ್ನೂ ಓದದೆ ಅದರೊಳಗೆ ಹಾಕಿ, ಟೇಪು ಅಂಟಿಸಿ, ಮೇಲೆ ಇಂದಿನ ದಿನಾಂಕ ಬರೆದು ಕಣ್ಣಿಗೆ ಬೀಳದ ಕಡೆ ಇಡಿ. ವಿಚ್ಛೇದನದ ವಿಷಯ ಶುರುವಾದ ಮೇಲೆ ಯಾವ ಕಾಗದ ಸಾಕ್ಷ್ಯವಾಗುತ್ತದೆ ಎಂದು ಮುಂದಾಗಿ ಹೇಳಲು ಬರುವುದಿಲ್ಲ. ‘ಈ ಮನೆಗೆ ನಿನ್ನ ಉಳಿತಾಯವೂ ಸೇರಿದೆ’ ಎಂಬ ಒಂದು ಸಾಲು ಹಳೆಯ ಪ್ರೀತಿಯ ಪತ್ರದೊಳಗೆ ಕುಳಿತಿರಬಹುದು. ಇನ್ನೂ ಮುಖ್ಯವಾದ ಮಾತೆಂದರೆ, ದಾಖಲೆ ನಾಶಪಡಿಸಿದವರು ತಮಗೆ ಪ್ರತಿಕೂಲವಾದದ್ದನ್ನೇ ಮುಚ್ಚಿಟ್ಟಿದ್ದಾರೆ ಎಂದು ಊಹಿಸುವ ಅಧಿಕಾರ ಅನೇಕ ದೇಶಗಳ ನ್ಯಾಯಾಲಯಗಳಿಗೆ ಇದೆ. ದುಃಖದಲ್ಲಿ ಸುಟ್ಟೆ ಎಂದರೆ ಎದುರು ಪಕ್ಷದ ವಕೀಲರು ಒಪ್ಪಬೇಕಲ್ಲ. ಅಂತಿಮ ಆದೇಶ ಬಂದು, ಮೇಲ್ಮನವಿಯ ಗಡುವೂ ಕಳೆದ ಮೇಲೆ ನಿಮ್ಮ ವಕೀಲರನ್ನು ಒಂದು ಮಾತು ಕೇಳಿ, ಆ ಪೆಟ್ಟಿಗೆಯನ್ನು ಏನು ಬೇಕಾದರೂ ಮಾಡಿ.

ಮತ್ತೊಂದು ಮಾತು. ನಿಮ್ಮ ಪತ್ರದಲ್ಲಿ ಭಯದ ಸುಳಿವು ಕಾಣಲಿಲ್ಲ. ಆದರೂ ಇದನ್ನು ಓದುವ ಇತರರಿಗಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಈ ವಿಂಗಡಣೆಯ ಗೊಡವೆಗೇ ಹೋಗಬೇಡಿ. ನಿಮ್ಮ ಮತ್ತು ಮಕ್ಕಳ ಗುರುತಿನ ಚೀಟಿ, ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಔಷಧಿ ಚೀಟಿ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಸುರಕ್ಷಿತ ಜಾಗ ಸೇರಿಕೊಳ್ಳಿ. ಉಳಿದ ಕಾಗದಗಳ ನಕಲನ್ನು ಆಮೇಲೆ ಪಡೆಯಬಹುದು.

ಈಗ ಎಲ್ಲಿಂದ ಶುರು ಎಂಬುದು. ಇಪ್ಪತ್ತು ವರ್ಷಗಳಿಂದ ವಕೀಲರ ಕಚೇರಿಗಳಿಗೆ ಕೌಟುಂಬಿಕ ಪ್ರಕರಣಗಳ ಕಡತ ಸಿದ್ಧಪಡಿಸಿಕೊಡುತ್ತಿದ್ದೇನೆ. ಬಂದವರಲ್ಲಿ ಹೆಚ್ಚಿನವರು ಬೀರುವನ್ನು ಓರಣ ಮಾಡಲು ಹೊರಟು ಸೋತವರು. ನಿಮ್ಮ ಕೆಲಸ ಬೀರುವನ್ನು ಓರಣ ಮಾಡುವುದಲ್ಲ. ನಿಮ್ಮನ್ನು ಅರಿಯದ ಒಬ್ಬ ವ್ಯಕ್ತಿ ಅರ್ಧ ಗಂಟೆಯಲ್ಲಿ ನಿಮ್ಮ ಹದಿನಾಲ್ಕು ವರ್ಷಗಳ ಲೆಕ್ಕವನ್ನು ಓದಿ ತಿಳಿಯುವಂತೆ ಮಾಡುವುದು. ವಕೀಲರು ನಿಮ್ಮನ್ನು ಒಂದೆರಡು ಬಾರಿ ನೋಡಿದ್ದಾರೆ, ನ್ಯಾಯಾಧೀಶರು ನೋಡಿಯೇ ಇಲ್ಲ. ಅವರಿಗೆ ನಿಮ್ಮ ಬದುಕು ಗೊತ್ತಾಗುವುದು ಈ ಕಾಗದಗಳ ಮೂಲಕ. ಹಾಗಾಗಿ ಪ್ರತಿ ಕಾಗದ ಕೈಗೆತ್ತಿಕೊಂಡಾಗಲೂ ‘ಇದನ್ನು ಎಲ್ಲಿಡಲಿ’ ಎಂದು ಕೇಳಿಕೊಳ್ಳಬೇಡಿ. ‘ಇದು ಯಾವ ಪ್ರಶ್ನೆಗೆ ಉತ್ತರ’ ಎಂದು ಕೇಳಿಕೊಳ್ಳಿ. ಪ್ರಶ್ನೆಗಳು ಹೆಚ್ಚಿಲ್ಲ: ನಾವು ಯಾರು, ನಮ್ಮ ಬಳಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು, ತಿಂಗಳಿಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಮಕ್ಕಳಿಗೆ ಏನು ಬೇಕು.

ಮೊದಲ ಎರಡು ದಿನ ಏನನ್ನೂ ವಿಂಗಡಿಸಬೇಡಿ, ಬರೀ ನಕಲು ತೆಗೆಯಿರಿ. ಒಂದೇ ಸೂರಿನಡಿ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಇಂದು ಬೀರುವಿನಲ್ಲಿರುವ ಕಾಗದ ನಾಳೆಯೂ ಅಲ್ಲಿಯೇ ಇರುತ್ತದೆ ಎಂಬ ಭರವಸೆ ಇಲ್ಲ. ಕದ್ದೊಯ್ಯುತ್ತಾರೆಂದಲ್ಲ, ಅವರೂ ತಮ್ಮ ವಕೀಲರಿಗೆ ಕೊಡಲು ಅದನ್ನೇ ಹುಡುಕುತ್ತಿರುತ್ತಾರೆ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಹಾಳೆಯ ನಾಲ್ಕೂ ಅಂಚು ಕಾಣುವಂತೆ ಫೋಟೊ ತೆಗೆಯಿರಿ. ಹಿಂಬದಿಯನ್ನು ಮರೆಯಬೇಡಿ, ಆಸ್ತಿ ಪತ್ರಗಳಲ್ಲಿ ನೋಂದಣಿಯ ಮುದ್ರೆ, ಸಾಲದ ಷರಾ, ಸಾಕ್ಷಿಗಳ ಸಹಿ ಅನೇಕ ವೇಳೆ ಹಿಂದಿನ ಪುಟದಲ್ಲೇ ಇರುತ್ತವೆ. ಪಿನ್ನು ಕಿತ್ತು ಹಾಳೆಗಳನ್ನು ಬೇರೆ ಮಾಡಿದರೆ ಅದೇ ಕ್ರಮದಲ್ಲಿ ಮತ್ತೆ ಜೋಡಿಸಿ ಅದೇ ಜಾಗದಲ್ಲಿಡಿ. ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಮಾಡಿಸಿದ್ದನ್ನು ಬಿಡಿಸಲು ಬರುವುದಿಲ್ಲ, ಉಬ್ಬುಮುದ್ರೆಯನ್ನು ಮುಟ್ಟಿ ನೋಡಿ ಪರಿಶೀಲಿಸಲೂ ಆಗುವುದಿಲ್ಲ.

ರಶೀದಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅಂಗಡಿ, ಆಸ್ಪತ್ರೆ, ಎಟಿಎಂಗಳಿಂದ ಬರುವ ನುಣುಪಾದ ರಶೀದಿಯಲ್ಲಿ ಶಾಯಿಯೇ ಇರುವುದಿಲ್ಲ. ಶಾಖ ತಗುಲಿದರೆ ಬಣ್ಣ ಬರುವ ರಾಸಾಯನಿಕದ ಲೇಪ ಮಾತ್ರ ಇರುತ್ತದೆ. ಬಿಸಿಲು, ಸೆಕೆ, ಅಂಟುಟೇಪು, ಪ್ಲಾಸ್ಟಿಕ್ ಲಕೋಟೆ ಇವೆಲ್ಲ ಆ ಬರಹವನ್ನು ಅಳಿಸುತ್ತವೆ. ಮಗುವಿನ ಶಸ್ತ್ರಚಿಕಿತ್ಸೆಯ ಖರ್ಚಿಗೆ ಪುರಾವೆಯೆಂದು ಒಬ್ಬ ತಂದೆ ಮೂರು ವರ್ಷ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ರಶೀದಿಗಳನ್ನು ನನ್ನ ಮೇಜಿನ ಮೇಲೆ ಹರಡಿದರು. ಇಪ್ಪತ್ತಮೂರು ಚೀಟಿಗಳಲ್ಲಿ ಹತ್ತೊಂಬತ್ತು ಖಾಲಿ. ದೀಪಕ್ಕೆ ಓರೆಯಾಗಿ ಹಿಡಿದರೆ ಆಸ್ಪತ್ರೆಯ ಹೆಸರಿನ ಮಸುಕು ನೆರಳು ಕಾಣುತ್ತಿತ್ತು, ಮೊತ್ತ ಕಾಣುತ್ತಿರಲಿಲ್ಲ. ಇಂಥ ರಶೀದಿಗಳ ಫೋಟೊವನ್ನು ಮೊದಲ ದಿನವೇ ತೆಗೆದು, ಮಾಮೂಲಿ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿಬಿಡಿ.

ಈ ಫೋಟೊಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಕ್ಯಾಮೆರಾ ತೆರೆಯುವ ಮೊದಲೇ ನೋಡಿಕೊಳ್ಳಿ. ಬಹಳ ಮನೆಗಳಲ್ಲಿ ಒಂದೇ ಖಾತೆಗೆ ಇಬ್ಬರ ಮೊಬೈಲೂ ಮಕ್ಕಳ ಟ್ಯಾಬ್ಲೆಟ್ಟೂ ಜೋಡಣೆಯಾಗಿರುತ್ತವೆ. ಒಬ್ಬ ಮಹಿಳೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ನೂರಿಪ್ಪತ್ತು ಪುಟ ಫೋಟೊ ತೆಗೆದಿದ್ದರು. ಅತ್ತ ನಡುಮನೆಯಲ್ಲಿ ಮಗ ಆಟವಾಡುತ್ತಿದ್ದ ಟ್ಯಾಬ್ಲೆಟ್ಟಿನ ಮೇಲೆ ಬ್ಯಾಂಕಿನ ಲೆಕ್ಕ, ಆಸ್ತಿಪತ್ರ ಒಂದೊಂದಾಗಿ ಬಂದು ಬೀಳುತ್ತಿದ್ದವು. ‘ಅಪ್ಪಾ, ಇದೇನು?’ ಎಂದು ಮಗ ಅದನ್ನು ಎತ್ತಿ ತೋರಿಸಿದ. ಆ ಮಹಿಳೆ ತಪ್ಪು ಕೆಲಸವನ್ನೇನೂ ಮಾಡಿರಲಿಲ್ಲ, ಆದರೂ ಸೌಹಾರ್ದದಿಂದ ಮುಗಿಯಬಹುದಾಗಿದ್ದ ಮಾತುಕತೆ ಆ ಸಂಜೆಯೇ ಮುರಿಯಿತು. ಆದ್ದರಿಂದ ನಿಮ್ಮೊಬ್ಬರದೇ ಆದ ಹೊಸ ಇಮೇಲ್ ಖಾತೆ ತೆರೆಯಿರಿ. ಅದರ ಪಾಸ್‌ವರ್ಡ್ ಮನೆಯ ಯಾವ ಹಳೆಯ ಪಾಸ್‌ವರ್ಡಿಗೂ ನೆಂಟನಾಗಿರಬಾರದು. ಖಾತೆ ಮರಳಿ ಪಡೆಯಲು ಕೊಡುವ ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ. ಬ್ಯಾಂಕಿನ ಒಟಿಪಿ ಯಾರ ಫೋನಿಗೆ ಹೋಗುತ್ತಿದೆ ಎಂದೂ ನೋಡಿ. ಹಣಕಾಸನ್ನು ಪತಿಯೇ ನೋಡಿಕೊಳ್ಳುತ್ತಿದ್ದ ಮನೆಗಳಲ್ಲಿ ಹೆಂಡತಿಯ ಹೆಸರಿನ ಖಾತೆಗೂ ಗಂಡನ ಸಂಖ್ಯೆಯೇ ನೋಂದಣಿಯಾಗಿರುತ್ತದೆ. ನಿಮ್ಮ ಖಾತೆಗೆ ನಿಮ್ಮ ಸಂಖ್ಯೆ ಹಾಕಿಸಿಕೊಳ್ಳುವುದು ನಿಮ್ಮ ಹಕ್ಕು. ಜಂಟಿ ಖಾತೆಯಲ್ಲಿ ಮಾತ್ರ ವಕೀಲರನ್ನು ಕೇಳದೆ ಏನನ್ನೂ ಬದಲಿಸಬೇಡಿ.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆ ಬರುತ್ತದೆ. ನಿಮ್ಮ ಹೆಸರಿನ ಮೂಲಪ್ರತಿಗಳು, ಅಂದರೆ ಪಾಸ್‌ಪೋರ್ಟ್, ಅಂಕಪಟ್ಟಿ, ಪದವಿ ಪ್ರಮಾಣಪತ್ರ, ವೈದ್ಯಕೀಯ ದಾಖಲೆ ನಿಮ್ಮವು. ತೆಗೆದು ನಂಬಿಕಸ್ಥರ ಬಳಿ ಇಡಿ. ಇಬ್ಬರಿಗೂ ಸೇರಿದ್ದು, ಅಂದರೆ ಮನೆಯ ಪತ್ರ, ಜಂಟಿ ಖಾತೆಯ ಲೆಕ್ಕ, ಮಕ್ಕಳ ದಾಖಲೆ, ಮದುವೆಯ ಪ್ರಮಾಣಪತ್ರ, ಇವುಗಳ ನಕಲು ತೆಗೆದು ಮೂಲವನ್ನು ಇದ್ದಲ್ಲೇ ಇಡಿ, ಅಥವಾ ಯಾರ ಬಳಿ ಇರಬೇಕೆಂದು ಇಬ್ಬರೂ ಲಿಖಿತವಾಗಿ ಒಪ್ಪಿಕೊಳ್ಳಿ. ಅವರೊಬ್ಬರ ಹೆಸರಿನ ಮುಚ್ಚಿದ ಲಕೋಟೆ, ಅವರ ಮೊಬೈಲು, ಅವರ ಇಮೇಲು, ಅವರ ಕಚೇರಿಯ ಲ್ಯಾಪ್‌ಟಾಪ್ ಇವನ್ನು ಮುಟ್ಟಬೇಡಿ. ‘ಪಾಸ್‌ವರ್ಡ್ ನನಗೆ ಗೊತ್ತು’ ಎಂಬುದು ಅನುಮತಿಯಲ್ಲ. ಅನೇಕ ದೇಶಗಳಲ್ಲಿ ಇದು ಅಪರಾಧ. ಇಂಗ್ಲೆಂಡಿನ ಇಮರ್ಮನ್ ಪ್ರಕರಣದಲ್ಲಿ ಹೆಂಡತಿಯ ಸೋದರರು ಗಂಡನೊಂದಿಗೆ ಹಂಚಿಕೊಂಡಿದ್ದ ಕಚೇರಿಯ ಕಂಪ್ಯೂಟರಿನಿಂದ ರಾಶಿ ರಾಶಿ ಕಡತ ನಕಲು ಮಾಡಿದ್ದರು. ಅವನ್ನು ಮರಳಿಸಬೇಕೆಂದು 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ನಿಮಗೆ ಬೇಕಾದ ದಾಖಲೆ ಅವರ ಬಳಿ ಇದೆ ಎಂದು ಗೊತ್ತಿದ್ದರೆ ಸಾಕು, ಅದನ್ನು ಹಾಜರುಪಡಿಸುವಂತೆ ನ್ಯಾಯಾಲಯದ ಮೂಲಕ ಕೇಳಲು ದಾರಿ ಇರುತ್ತದೆ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆಯ ಕೊನೆಯ ಕೆಲವು ಅಂಕಿ, ನೀವು ಅದನ್ನು ಎಲ್ಲಿ, ಯಾವಾಗ ಕಂಡಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ.

ನಕಲು ಮುಗಿದ ಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು ಮೂರು ದಿನಾಂಕ ಬರೆಯಿರಿ: ಮದುವೆಯ ದಿನ, ಬೇರೆಯಾದ ದಿನ, ಇಂದು. ನೀವಿನ್ನೂ ಒಂದೇ ಮನೆಯಲ್ಲಿರುವುದರಿಂದ ಎರಡನೆಯ ದಿನಾಂಕ ಯಾವುದೆಂದು ವಕೀಲರನ್ನೇ ಕೇಳಿ. ಕೆಲವು ಕಾನೂನುಗಳಲ್ಲಿ ಅದೊಂದು ದಿನದ ಮೇಲೆ ಬಹಳ ಲೆಕ್ಕ ನಿಂತಿರುತ್ತದೆ. ಪ್ರತಿ ಖಾತೆ, ಆಸ್ತಿ, ಸಾಲದ ಮುಂದೆ ಈ ಮೂರು ದಿನಗಳಲ್ಲಿ ಎಷ್ಟಿತ್ತು ಎಂದು ತುಂಬುತ್ತ ಹೋಗಿ. ಯಾವುದು ಮದುವೆಗೆ ಮೊದಲಿನದು, ಯಾವುದು ಒಟ್ಟಿಗೆ ಗಳಿಸಿದ್ದು, ಯಾವುದು ತವರಿನಿಂದಲೋ ಪಿತ್ರಾರ್ಜಿತವಾಗಿಯೋ ಬಂದದ್ದು, ಯಾವುದು ಇತ್ತೀಚೆಗೆ ಸದ್ದಿಲ್ಲದೆ ಕರಗಿದ್ದು ಎಂಬುದು ಈ ಮೂರು ಕಾಲಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಗೊತ್ತಿಲ್ಲದ ಚೌಕವನ್ನು ಖಾಲಿ ಬಿಡಿ. ಅಂದಾಜು ಬರೆಯಬೇಡಿ, ಬರೆಯಲೇಬೇಕಾದರೆ ಪಕ್ಕದಲ್ಲಿ ‘ಅಂದಾಜು’ ಎಂದು ಬರೆಯಿರಿ. ನನ್ನ ಮಟ್ಟಿಗೆ ಇಡೀ ಕಡತದಲ್ಲಿ ಅತಿ ಬೆಲೆಯುಳ್ಳ ಹಾಳೆ ಇದು. ಅದರ ಖಾಲಿ ಚೌಕಗಳೇ ನೀವು ಮುಂದೆ ಮಾಡಬೇಕಾದ ಕೆಲಸದ ಪಟ್ಟಿ, ವಕೀಲರು ಎದುರು ಪಕ್ಷಕ್ಕೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೂ ಹೌದು.

ಮೊದಲ ಕಾಲಂ ತುಂಬುವುದು ಕಷ್ಟ. ಹದಿನಾಲ್ಕು ವರ್ಷದ ಹಿಂದಿನ ಲೆಕ್ಕವನ್ನು ಬ್ಯಾಂಕು ಇಟ್ಟುಕೊಂಡಿರಲೇಬೇಕೆಂದಿಲ್ಲ. ಹಣದ ಅಕ್ರಮ ವರ್ಗಾವಣೆ ತಡೆಯಲು ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರೂಪಿಸಿರುವ ಮಾನದಂಡವೂ ವಹಿವಾಟಿನ ದಾಖಲೆಗಳನ್ನು ಕನಿಷ್ಠ 5 ವರ್ಷ ಇಡಬೇಕು ಎನ್ನುತ್ತದೆ, ಅಷ್ಟೇ. ಕೆಲವು ದೇಶಗಳು ಹೆಚ್ಚು ಕೇಳುತ್ತವೆ. ಆದ್ದರಿಂದ ಹಳೆಯ ಪಾಸ್‌ಬುಕ್ಕು ಸಿಕ್ಕರೆ ಅದನ್ನು ಚಿನ್ನದಂತೆ ನೋಡಿಕೊಳ್ಳಿ, ಬ್ಯಾಂಕಿಗೆ ಕೊಡುವ ಅರ್ಜಿಯನ್ನು ಈ ವಾರವೇ ಕೊಡಿ. ಮೊಬೈಲಿನ ಪರದೆಯ ಫೋಟೊಕ್ಕಿಂತ ಬ್ಯಾಂಕಿನಿಂದಲೇ ಮುದ್ರೆ ಹಾಕಿಸಿ ತಂದ ಅಥವಾ ಬ್ಯಾಂಕಿನ ಜಾಲತಾಣದಿಂದ ನೇರವಾಗಿ ಇಳಿಸಿಕೊಂಡ ಲೆಕ್ಕಕ್ಕೆ ತೂಕ ಹೆಚ್ಚು.

ಲೆಕ್ಕ ಕೈಗೆ ಬಂದ ಮೇಲೆ ಒಂದು ಅಡ್ಡಪಟ್ಟಿ ಇಟ್ಟುಕೊಂಡು ಸಾಲು ಸಾಲಾಗಿ ಓದಿ. ಹಣಕಾಸು ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ನಾನು ಹೇಳುವುದನ್ನು ಹುಡುಕಲು ಲೆಕ್ಕಪರಿಶೋಧಕರೇ ಬೇಕಿಲ್ಲ. ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಅದೇ ಮೊತ್ತ ಹೋಗಿದೆಯೇ? ಅದು ನೀವು ಮರೆತ ವಿಮೆಯ ಕಂತೋ ಲಾಕರಿನ ಬಾಡಿಗೆಯೋ ಇರಬಹುದು. ಮೂರು ತಿಂಗಳಿಗೊಮ್ಮೆ ಪುಟ್ಟ ಬಡ್ಡಿ ಜಮೆಯಾಗಿದೆಯೇ? ಅದು ಈ ಖಾತೆಯದೇ ಬಡ್ಡಿಯಲ್ಲದಿದ್ದರೆ ಎಲ್ಲೋ ಒಂದು ಠೇವಣಿ ಇರಬಹುದು. ಲಾಭಾಂಶ ಎಂದು ಚಿಲ್ಲರೆ ಮೊತ್ತ ಬಂದಿದೆಯೇ? ಷೇರು ಇದೆ. ಸಂಬಳ ಬಂದ ಮರುದಿನವೇ ಒಂದು ಪಾಲು ಬೇರೆ ಖಾತೆಗೆ ಹೋಗುತ್ತಿದೆಯೇ? ಆ ಖಾತೆಯ ಸಂಖ್ಯೆ ಬರೆದುಕೊಳ್ಳಿ. ಇದರಲ್ಲಿ ವಂಚನೆಯೇ ಇರಬೇಕೆಂದಿಲ್ಲ. ನಾನು ಕಂಡ ಎಷ್ಟೋ ‘ಗುಪ್ತ’ ಖಾತೆಗಳು ಇಬ್ಬರೂ ಮರೆತ ಖಾತೆಗಳಾಗಿದ್ದವು.

ಸಾಲಗಳನ್ನು ಜನ ಬರೆಯುವುದೇ ಇಲ್ಲ. ಮನೆಸಾಲ ನೆನಪಿರುತ್ತದೆ, ಕ್ರೆಡಿಟ್ ಕಾರ್ಡು, ಕೈಸಾಲ, ಬಂಧುಗಳಿಂದ ಪಡೆದದ್ದು, ಯಾರಿಗೋ ಜಾಮೀನು ನಿಂತು ಹಾಕಿದ ಸಹಿ ಮರೆತಿರುತ್ತದೆ. ನಿಮ್ಮ ದೇಶದಲ್ಲಿ ಸಾಲದ ಇತಿಹಾಸದ ವರದಿ ಕೊಡುವ ಸಂಸ್ಥೆ ಇದ್ದರೆ ನಿಮ್ಮ ಹೆಸರಿನ ವರದಿ ತರಿಸಿಕೊಳ್ಳಿ. ನೀವು ಸಹಿ ಹಾಕಿದ್ದು ನಿಮಗೇ ನೆನಪಿಲ್ಲದ ಸಾಲ ಅದರಲ್ಲಿ ಕಂಡುಬಂದ ಪ್ರಸಂಗಗಳನ್ನು ನೋಡಿದ್ದೇನೆ.

ಮಕ್ಕಳ ಕಾಗದಗಳಿಗೆ ಬೇರೆಯದೇ ಕಡತ ಮಾಡಿ. ಜನನ ಪ್ರಮಾಣಪತ್ರ, ಲಸಿಕೆಯ ಚೀಟಿ, ಶಾಲೆಯ ವರದಿ, ಶುಲ್ಕದ ರಶೀದಿ, ವೈದ್ಯರ ಚೀಟಿ ಇವೆಲ್ಲ ಅದರಲ್ಲಿರಲಿ. ನಿಮ್ಮಿಬ್ಬರ ಜಗಳದ ಒಂದು ಹಾಳೆಯೂ ಅದರೊಳಗೆ ಬರಬಾರದು. ಆಸ್ಪತ್ರೆಗೋ ಶಾಲೆಗೋ ಹೋಗುವಾಗ ಯಾರ ಕೈಗಾದರೂ ನಿಶ್ಚಿಂತೆಯಿಂದ ಕೊಡುವಂತಿರಬೇಕು ಆ ಕಡತ. ಮಕ್ಕಳ ದಿನಚರಿಗೆ ಸಂಬಂಧಿಸಿದ ಟಿಪ್ಪಣಿಯನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಯಿರಿ: ದಿನಾಂಕ, ಸಮಯ, ಏನು ನಡೆಯಿತು, ಯಾರಿದ್ದರು. ‘ಸಂಜೆ 5ಕ್ಕೆ ಬರಬೇಕಿತ್ತು, 6:40ಕ್ಕೆ ಬಂದರು, ಮಗಳು ಊಟ ಮಾಡಿರಲಿಲ್ಲ’ ಎಂದು ಬರೆದರೆ ಸಾಕು. ‘ಎಂದಿನಂತೆ ಬೇಜವಾಬ್ದಾರಿ’ ಎಂದು ಬರೆದರೆ ಅದೇ ಪುಟ ನಾಳೆ ನಿಮ್ಮ ಸಿಟ್ಟಿಗೆ ಸಾಕ್ಷಿಯಾಗುತ್ತದೆ. ಅವರು ಮಕ್ಕಳನ್ನು ಚೆನ್ನಾಗಿ ನೋಡಿಕೊಂಡ ದಿನವನ್ನೂ ಬರೆಯಿರಿ. ಒಳ್ಳೆಯದನ್ನೂ ದಾಖಲಿಸಿದವರ ಪುಸ್ತಕವನ್ನು ಓದುವವರು ನಂಬುತ್ತಾರೆ.

ಸಂದೇಶಗಳ ವಿಷಯದಲ್ಲಿ ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ, ತಮಗೆ ಬೇಕಾದ ಒಂದು ಮಾತನ್ನಷ್ಟೇ ಕತ್ತರಿಸಿ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಹಿಂದಿನ ಮುಂದಿನ ಮಾತು, ದಿನಾಂಕ, ಸಂಖ್ಯೆ ಇಲ್ಲದ ಸ್ಕ್ರೀನ್‌ಶಾಟಿಗೆ ಬೆಲೆ ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಇಡೀ ಸಂಭಾಷಣೆಯನ್ನು ಕಡತವಾಗಿ ಹೊರತೆಗೆಯುವ ಸೌಲಭ್ಯವಿದೆ. ಅದನ್ನು ಬಳಸಿ, ಮೂಲ ಸಂದೇಶವನ್ನೂ ಫೋನಿನಲ್ಲಿ ಉಳಿಸಿ. ಸಂದೇಶ ತಾನಾಗಿ ಮಾಯವಾಗುವ ವ್ಯವಸ್ಥೆ ಚಾಲೂ ಇದೆಯೇ ಎಂದು ಇವತ್ತೇ ನೋಡಿ. ಫೋಟೊಗಳಲ್ಲಿ ತೆಗೆದ ದಿನ, ಸಮಯದ ಮಾಹಿತಿ ಅಡಗಿರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಇಮೇಲನ್ನು ಫಾರ್ವರ್ಡ್ ಮಾಡಿದರೆ ಮೂಲದ ತಾಂತ್ರಿಕ ವಿವರ ಜೊತೆಗೆ ಬರುವುದಿಲ್ಲ. ಆದ್ದರಿಂದ ಮೂಲ ಎಲ್ಲಿದೆಯೋ ಅಲ್ಲೇ ಇರಲಿ, ವಕೀಲರಿಗೆ ಪ್ರತಿ ಕೊಡಿ.

ಇನ್ನು ಜೋಡಿಸುವ ಬಗೆ. ಕಂಪ್ಯೂಟರಿನಲ್ಲಿ ಪ್ರತಿ ಕಡತದ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುಮಾಡಿ: ‘2019-03-07 ಮನೆಸಾಲ ಮಂಜೂರಾತಿ’. ಹೀಗೆ ಬರೆದರೆ ಎಲ್ಲವೂ ತಾವಾಗಿ ಕಾಲಕ್ರಮದಲ್ಲಿ ಸಾಲುಗಟ್ಟುತ್ತವೆ. ದಿನಾಂಕ ಬರೆಯಲು 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮವೂ ಇದೇ. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಮನೆಯಿಂದ ಹೊರಗೆ. ಕಾಗದದ ಕಡತದಲ್ಲಿ ಪ್ರತಿ ನಕಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಪುಟಸಂಖ್ಯೆ ಹಾಕಿ, ಮೊದಲಿಗೆ ಸೂಚಿ ಇಡಿ. ಮೂಲಪ್ರತಿಯ ಮೇಲೆ ಏನನ್ನೂ ಬರೆಯಬೇಡಿ, ಅಡಿಗೆರೆಯನ್ನೂ ಎಳೆಯಬೇಡಿ. ವಕೀಲರಿಗೆ ಮೂಲ ಕೊಡಬೇಕಾಗಿ ಬಂದರೆ ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಅದು ಅಪನಂಬಿಕೆಯಲ್ಲ, ಒಳ್ಳೆಯ ಕಚೇರಿಗಳು ತಾವಾಗಿಯೇ ಕೊಡುತ್ತವೆ.

ದೇಶ ಯಾವುದಾದರೂ ಕೇಳುವ ಕಾಗದಗಳು ಹೆಚ್ಚುಕಡಿಮೆ ಒಂದೇ. ಇಂಗ್ಲೆಂಡಿನಲ್ಲಿ ‘ಫಾರ್ಮ್ ಇ’ ಎಂಬ ನಮೂನೆ 12 ತಿಂಗಳ ಬ್ಯಾಂಕ್ ಲೆಕ್ಕ ಕೇಳುತ್ತದೆ. ಭಾರತದಲ್ಲಿ ಜೀವನಾಂಶದ ಪ್ರಕರಣಗಳಲ್ಲಿ ಗಂಡಹೆಂಡತಿ ಇಬ್ಬರೂ ಆಸ್ತಿ ಮತ್ತು ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಹೇಳಿತು. ಮದುವೆಯಾದ ದೇಶ ಒಂದು, ವಿಚ್ಛೇದನ ಪಡೆಯುವ ದೇಶ ಇನ್ನೊಂದು ಆಗಿದ್ದರೆ 1961ರ ಹೇಗ್ ಒಪ್ಪಂದದಂತೆ ಮದುವೆಯ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿಯೆಂದು ಬೇರೆ ದೇಶದವರೂ ಒಪ್ಪುವಂತೆ ಸರ್ಕಾರ ಹಾಕುವ ಮುದ್ರೆ, ಬೇಕಾಗಬಹುದು. ಅದಕ್ಕೆ ವಾರಗಳೇ ಹಿಡಿಯಬಹುದು, ಬೇಗ ವಿಚಾರಿಸಿ. ಇಂಥ ನಮೂನೆಗಳಲ್ಲಿ ನೀವು ಬರೆಯುವುದು ಪ್ರಮಾಣ ಮಾಡಿ ಹೇಳಿದ ಮಾತು. ನಿಮ್ಮ ತಾಯಿ ಕೊಟ್ಟ ಪುಟ್ಟ ಠೇವಣಿಯಾದರೂ ಸರಿ, ಮುಚ್ಚಿಡಬೇಡಿ.

ರಾತ್ರಿ ಹೊತ್ತು ಈ ಕೆಲಸ ಮಾಡಬೇಡಿ. ಬೆಳಕಿರುವಾಗ ನಲವತ್ತು ನಿಮಿಷ, ಸಾಧ್ಯವಾದರೆ ಕಣ್ಣೀರು ಬಂದಾಗ ಹಾಳೆ ಕೈಯಿಂದ ತೆಗೆದುಕೊಳ್ಳಬಲ್ಲ ಗೆಳತಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಬೀರುವಿನ ಒಂದು ಅರೆ ಮುಗಿದರೆ ಅಂದಿನ ಕೆಲಸ ಮುಗಿಯಿತು.

ಕಡೆಯದಾಗಿ ಆದೇಶ ಬಂದ ನಂತರದ ಕೆಲಸ. ದಣಿದವರು ಇದನ್ನೇ ಬಿಟ್ಟುಬಿಡುತ್ತಾರೆ. ಅಮೆರಿಕದ ಡ್ಯುಪಾಂಟ್ ಕಂಪನಿಯ ಉದ್ಯೋಗಿ ವಿಲಿಯಂ ಕೆನಡಿ 1994ರಲ್ಲಿ ವಿಚ್ಛೇದನ ಪಡೆದರು. ಅವರ ಉಳಿತಾಯ ಯೋಜನೆಯ ಹಣದ ಮೇಲಿನ ಹಕ್ಕನ್ನು ಹೆಂಡತಿ ಬಿಟ್ಟುಕೊಟ್ಟಿದ್ದಾರೆ ಎಂದು ವಿಚ್ಛೇದನದ ಆದೇಶದಲ್ಲೇ ಇತ್ತು. ಆದರೆ ಯೋಜನೆಯ ನಾಮಿನಿ ನಮೂನೆಯನ್ನು ಕೆನಡಿ ಬದಲಿಸಲಿಲ್ಲ. 2001ರಲ್ಲಿ ಅವರು ತೀರಿಕೊಂಡಾಗ ಸುಮಾರು 4 ಲಕ್ಷ ಡಾಲರ್ ಮಾಜಿ ಪತ್ನಿಗೆ ಹೋಯಿತು. ಕೆನಡಿಯವರ ಮಗಳು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದರು. ನಮೂನೆಯಲ್ಲಿ ಯಾರ ಹೆಸರಿದೆಯೋ ಅವರಿಗೆ ಕೊಟ್ಟದ್ದು ಸರಿ ಎಂದು 2009ರಲ್ಲಿ ತೀರ್ಪು ಬಂತು. ಬೇರೆ ಬೇರೆ ದೇಶಗಳ ನಿಯಮ ಬೇರೆ ಇರಬಹುದು, ಆದರೆ ಒಂದು ನಮೂನೆ ತುಂಬಲು ಹತ್ತು ನಿಮಿಷ ಸಾಕು. ಆದೇಶದ ದೃಢೀಕೃತ ಪ್ರತಿಗಳನ್ನು ನಾಲ್ಕೈದು ಪಡೆದುಕೊಳ್ಳಿ. ಬ್ಯಾಂಕು, ವಿಮೆ, ಪಾಸ್‌ಪೋರ್ಟ್, ಶಾಲೆ ಎಲ್ಲೆಡೆ ಕೇಳುತ್ತಾರೆ. ಆದೇಶದಲ್ಲಿ ಅಡ್ಡಿ ಇಲ್ಲವೆಂದು ವಕೀಲರಿಂದ ಖಚಿತಪಡಿಸಿಕೊಂಡು ವಿಮೆ, ಪಿಂಚಣಿ, ಠೇವಣಿ, ಷೇರು ಪ್ರತಿಯೊಂದರ ನಾಮಿನಿ, ವಿಳಾಸ, ಮೊಬೈಲ್ ಸಂಖ್ಯೆ ಬದಲಿಸಿ. ಉಯಿಲು ಬರೆದಿದ್ದರೆ ಅದನ್ನೂ ತೆಗೆದು ನೋಡಿ. ಬದಲಾವಣೆ ದಾಖಲಾಗಿದೆ ಎಂದು ಪ್ರತಿ ಕಚೇರಿಯಿಂದ ಬರುವ ಸ್ವೀಕೃತಿಯನ್ನು ಇದೇ ಕಡತಕ್ಕೆ ಸೇರಿಸಿ, ಸೂಚಿಯಲ್ಲಿ ಅದರ ಪುಟಸಂಖ್ಯೆಯನ್ನೂ ಬರೆಯಿರಿ.